ಚಹಾದ ಅಧ್ಯಾಯ

"ಗುರುಗಳೇ, ನಿಮ್ಮ ಪ್ರವಚನಗಳ ಪುಸ್ತಕವನ್ನು ಇಷ್ಟು ಬೋಳಾಗಿ ಹೊರಗೆ ಕಳಿಸುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಮಠದ ಕಂಪ್ಯೂಟರಿನಲ್ಲಿ ಆ ಪ್ರವಚನಗಳನ್ನು ಟೈಪು ಮಾಡುವ ಕೆಲಸ ಅವನದು. ಗುರುಗಳು ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಅಕ್ಷರಕ್ಕೆ ಬಣ್ಣವಿಲ್ಲ, ಅಂಚಿಗೆ ಚಿತ್ತಾರವಿಲ್ಲ. ಅಧ್ಯಾಯದ ಹೆಸರಿನ ಮೊದಲಿಗೆ ಒಂದು ಹ್ಯಾಷ್ (#) ಗುರುತು, ಒಳಗಿನ ತಲೆಬರಹಕ್ಕೆ ಎರಡು. ಒತ್ತಿ ಹೇಳಬೇಕಾದ ಮಾತಿನ ಎರಡೂ ಬದಿಗೆ ನಕ್ಷತ್ರದ ಗುರುತು. ಅಷ್ಟೇ. ಯಾವ ಯಂತ್ರದಲ್ಲಿ ತೆರೆದರೂ ಆ ಬರಹ ತೆರೆದುಕೊಳ್ಳುತ್ತಿತ್ತು. ಆದರೆ ನೋಡುವುದಕ್ಕೆ ಏನೂ ಇರಲಿಲ್ಲ.

"ಅಪ್ಪಣೆ ಕೊಟ್ಟರೆ ಈ ಗುರುತುಗಳನ್ನೆಲ್ಲ ತೆಗೆದು, ಪುಟಗಳನ್ನು ಅಂದವಾಗಿ ಮಾಡುತ್ತೇನೆ" ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸಂಗನಬಸಪ್ಪ ಎಂಬ ಮಾಸ್ತರರಿದ್ದರು. ನಡುವಯಸ್ಸಿನಲ್ಲಿ ಅವರ ಎರಡೂ ಕಣ್ಣು ಹೋದವು. ಮೊದಮೊದಲು ಅವರಿಗೆ ಒಂದು ಲೋಟ ನೀರು ಬಗ್ಗಿಸಿಕೊಳ್ಳುವುದೂ ಆಗುತ್ತಿರಲಿಲ್ಲ. ನಿಧಾನವಾಗಿ ಒಂದೊಂದೇ ಕಲಿತರು. ಅಂಗಿಯ ಗುಂಡಿ ಹಾಕಿಕೊಳ್ಳುವುದು, ನೋಟುಗಳನ್ನು ಮಡಿಸಿ ಗುರುತಿಟ್ಟುಕೊಳ್ಳುವುದು, ಒಲೆ ಹಚ್ಚುವುದು, ರಸ್ತೆ ದಾಟುವುದು. ಕಲಿತದ್ದನ್ನೆಲ್ಲ ಬರೆದಿಡಬೇಕು ಎನ್ನಿಸಿತು. ತಮ್ಮ ಹಾಗೆ ಅರ್ಧ ಬದುಕಿನಲ್ಲಿ ದೃಷ್ಟಿ ಕಳೆದುಕೊಂಡವರು ಓದಲಿ ಎಂಬುದು ಅವರ ಆಸೆ.

ಅಂಥವರಿಗೆ ಫೋನೇ ಓದಿ ಹೇಳುತ್ತದೆ. ಆದರೆ ಅಕ್ಷರ ಚಿತ್ರವಾಗದೆ ಅಕ್ಷರವಾಗಿಯೇ ಇರಬೇಕು. ತಲೆಬರಹ ತಲೆಬರಹವೆಂದು ಯಂತ್ರಕ್ಕೆ ತಿಳಿಯಬೇಕು. ಆಗ ಬೆರಳು ಸರಿಸಿದರೆ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹೋಗಬಹುದು. ಅದಕ್ಕೇ ಮಾಸ್ತರರು ಪುಸ್ತಕವನ್ನೆಲ್ಲ ಸಾದಾ ಅಕ್ಷರದಲ್ಲಿ, ನೀನು ಹಾಕುತ್ತಿರುವ ಇದೇ ಗುರುತುಗಳನ್ನು ಹಾಕಿ ಬರೆದರು. ಬರೆದು ಮುಗಿಸಲು ಹಲವು ವರ್ಷ ಹಿಡಿಯಿತು. ಬಿಸಿ ಎಣ್ಣೆ, ಹರಿತವಾದ ಚಾಕು ಎಂದು ಬಂದಲ್ಲೆಲ್ಲ ನಕ್ಷತ್ರ ಹಾಕಿದ್ದರು.

ಆ ಹೊತ್ತಿನಲ್ಲೇ ಬೇರೆ ಊರಿನ ಒಬ್ಬ ದರ್ಜಿ ಅವರಿಗೆ ಫೋನ್ ಮಾಡಿದ. ಹುಸೇನಪ್ಪ ಎಂದು ಅವನ ಹೆಸರು. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಹೊರಸಿನ ಮೇಲೆ ಕೂತುಬಿಟ್ಟಿದ್ದ.

"ಮಾಸ್ತರ, ನನಗ ದೊಡ್ಡ ಆಸೆ ಏನಿಲ್ರಿ" ಎಂದ. "ಒಂದು ಕಪ್ ಚಹಾ ಯಾರನ್ನೂ ಕರೀದಂಗ ಮಾಡ್ಕೊಂಡು ಕುಡೀಬೇಕ್ರಿ. ದಿನಾ ಹೆಂಡತೀನ ಕೂಗಿ ಕೂಗಿ ನನ್ನ ದನಿ ನನಗ ಬ್ಯಾಸರ ಆಗೇತಿ."

ಮಾಸ್ತರರಿಗೆ ತಮ್ಮ ಮೊದಲ ದಿನಗಳು ನೆನಪಾದವು. ಆಗಲೇ ಫೋನಿನಲ್ಲೇ ಹೇಳಿಕೊಡಬಹುದಿತ್ತು. ಆದರೆ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದರು. ಹಾಲು ಉಕ್ಕುವ ಮೊದಲು ಪಾತ್ರೆಯ ಸದ್ದು ಹೇಗೆ ಬದಲಾಗುತ್ತದೆ, ಕಪ್ಪಿನ ಅಂಚಿಗೆ ಬೆರಳನ್ನು ಎಲ್ಲಿಡಬೇಕು, ಎಲ್ಲವೂ ಅದರಲ್ಲಿತ್ತು.

"ಪುಸ್ತಕ ಬರ್ತದ ಹುಸೇನಪ್ಪ. ಅದರಾಗ ಸರಿಯಾಗಿ ಬರದೀನಿ. ಅಷ್ಟರಾಗ ನೀ ಫೋನ್ ಬಳಸೂದು ಕಲಿ" ಎಂದರು.

ಹುಸೇನಪ್ಪ ಕಲಿತ. ಬಟ್ಟೆಯ ಮೇಲೆ ಆಡಿದ ಬೆರಳು ಗಾಜಿನ ಮೇಲೆ ಆಡುವುದು ಅವನಿಗೆ ಕಷ್ಟವಾಯಿತು. ಆದರೂ ಬಿಡಲಿಲ್ಲ. ಒಂದು ಕಡೆಗೆ ಸರಿಸಿದರೆ ಮುಂದಿನ ಸಾಲು, ಇನ್ನೊಂದು ಕಡೆಗೆ ಸರಿಸಿದರೆ ಮುಂದಿನ ತಲೆಬರಹ. ಮೊಮ್ಮಕ್ಕಳು ಶಾಲೆಗೆ ಹೋದಮೇಲೆ ಒಬ್ಬನೇ ಕೂತು ಅಭ್ಯಾಸ ಮಾಡುತ್ತಿದ್ದ. ಗಂಡ ಮತ್ತೆ ಏನೋ ಒಂದು ಕೆಲಸ ಹಿಡಿದ ಎಂದು ಹೆಂಡತಿ ದುರಗವ್ವನಿಗೆ ಸಮಾಧಾನವಾಯಿತು.

ಪುಸ್ತಕ ಹೊರತರಲು ಒಂದು ಸಂಘ ಮುಂದೆ ಬಂತು. ಪುಟ ವಿನ್ಯಾಸದ ಕೆಲಸವನ್ನು ಮಂದಾಕಿನಿ ಎಂಬ ಹೆಣ್ಣುಮಗಳಿಗೆ ಕೊಟ್ಟಿತು. ಒಳ್ಳೆಯ ಕೈಯವಳು. ಮಾಸ್ತರರ ಬರಹ ಓದಿ ಕಣ್ಣೀರು ಹಾಕಿದಳು. ಇಂಥ ಪುಸ್ತಕ ಬೋಳುಬೋಳಾಗಿ ಇರಬಾರದು ಎಂದುಕೊಂಡಳು. ಹ್ಯಾಷ್ ಗುರುತುಗಳೂ ನಕ್ಷತ್ರಗಳೂ ಅವಳಿಗೆ ಕಸದಂತೆ ಕಂಡವು. ಒಂದೂ ಬಿಡದೆ ಆರಿಸಿ ತೆಗೆದಳು. ಪ್ರತಿ ಅಧ್ಯಾಯದ ಹೆಸರನ್ನೂ ಕೈಯಲ್ಲಿ ಬರೆದಳು. ಪಕ್ಕದಲ್ಲಿ ಚಿತ್ರ ಬಿಡಿಸಿದಳು. ಫೋನಿನಲ್ಲಿ ಓದುವವರಿಗೂ ಒಂದು ಪ್ರತಿ ಬೇಕಾಗಿತ್ತು. ಕೆಲವು ಫೋನುಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗದಿರಲಿ ಎಂದು ಪ್ರತಿ ಪುಟವನ್ನೂ ಫೋಟೋದಂತೆ ಮಾಡಿ ಜೋಡಿಸಿದಳು.

ಕೊನೆಗೆ ಮಾಸ್ತರರಿಗೆ ಫೋನ್ ಮಾಡಿ, "ಒಂದು ಸಲ ನೋಡಿಬಿಡಿ ಸರ್" ಎಂದಳು.

ಮಾಸ್ತರರು ನಕ್ಕು, "ನಾನೇನು ನೋಡಲಿ ತಾಯಿ? ಬರೆದದ್ದು ನನಗೆ ಬಾಯಿಪಾಠ. ನೀವೇ ನೋಡಿ" ಎಂದರು.

ಬಿಡುಗಡೆಯ ಸಮಾರಂಭ ಚೆನ್ನಾಗಿ ನಡೆಯಿತು. ಅಚ್ಚಾದ ಪ್ರತಿಯನ್ನು ಮಾಸ್ತರರ ಕೈಗೆ ಕೊಟ್ಟರು. ಅವರು ಕಾಗದ ಸವರಿ ನೋಡಿದರು. ನುಣುಪಾಗಿತ್ತು. ಬಂದವರೆಲ್ಲ ಪುಸ್ತಕ ಬಹಳ ಅಂದವಾಗಿದೆ ಎಂದರು. ಮಾಸ್ತರರು ನಂಬಿದರು. ಫೋನಿನ ಪ್ರತಿ ಬೇಕೆಂದು ಕೇಳಿದ್ದವರಿಗೆ ಸಂಘದವರು ಅದನ್ನು ಅಂದೇ ಕಳಿಸಿದರು. ಅವರಲ್ಲಿ ಹುಸೇನಪ್ಪನೂ ಇದ್ದ.

ಹುಸೇನಪ್ಪ ಪುಸ್ತಕ ತೆರೆದು ಬೆರಳು ಸರಿಸಿದ. ಯಂತ್ರ "ಚಿತ್ರ" ಎಂದಿತು. ಮತ್ತೆ ಸರಿಸಿದ. "ಚಿತ್ರ." ತಲೆಬರಹ ಹುಡುಕಿದ. ಇಲ್ಲ ಎಂದಿತು. ಮುಚ್ಚಿ ಮತ್ತೆ ತೆರೆದ. "ಚಿತ್ರ. ಚಿತ್ರ. ಚಿತ್ರ." ತಾನು ಕಲಿತದ್ದೇ ತಪ್ಪು ಎಂದುಕೊಂಡ. ಹೆಂಡತಿಯನ್ನು ಕೂಗಿದ.

ದುರಗವ್ವ ಬಂದು ಫೋನ್ ಇಸಿದುಕೊಂಡು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಎಷ್ಟ್ ಚಂದ ಐತಿ!" ಎಂದಳು.

"ಏನೈತಿ ಅದರಾಗ?"

"ಚಹಾದ ಕಪ್ಪು ಐತ್ರಿ. ಹಬಿ ಹಾರೂದು ಸುದ್ದಾ ತಗದಾರ."

ಹುಸೇನಪ್ಪ ಫೋನನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟ. ಮಾಸ್ತರರಿಗೆ ಹೇಳಲೂ ನಾಚಿಕೆಯಾಯಿತು. ಅಷ್ಟು ದೊಡ್ಡವರು ಬರೆದ ಪುಸ್ತಕ ತನಗೆ ಒಲಿಯಲಿಲ್ಲವೆಂದರೆ ದಡ್ಡತನ ತನ್ನದೇ ಎಂದು ತೀರ್ಮಾನಿಸಿದ. ಮತ್ತೆ ಹೊರಸಿನ ಮೇಲೆ ಕೂತ.

ಕೆಲವು ತಿಂಗಳಾದರೂ ಅವನ ಸುದ್ದಿಯಿಲ್ಲವೆಂದು ಮಾಸ್ತರರೇ ಫೋನ್ ಮಾಡಿದರು. ದುರಗವ್ವ ಎತ್ತಿದಳು. ನಡೆದದ್ದನ್ನೆಲ್ಲ ಹೇಳಿದಳು. "ಈಗ ಫೋನ್ ಮುಟ್ಟೂದ ಬಿಟ್ಟಾರ್ರಿ. ಮಾತೂ ಕಮ್ಮಿ ಮಾಡ್ಯಾರ" ಎಂದಳು.

ಆಗ ಮಾಸ್ತರರು ತಮ್ಮ ಪುಸ್ತಕವನ್ನು ತಮ್ಮ ಫೋನಿನಲ್ಲಿ ಮೊದಲ ಸಲ ತೆರೆದರು. ಯಂತ್ರ ಹೇಳುತ್ತಾ ಹೋಯಿತು. ಅವರು ನಿಲ್ಲಿಸಲಿಲ್ಲ. ಕೊನೆಯ ಪುಟದವರೆಗೂ ಕೂತು ಕೇಳಿದರು. ಅಷ್ಟೂ ಪುಸ್ತಕದಲ್ಲಿ ಅವರದೊಂದು ಮಾತೂ ಇರಲಿಲ್ಲ.

ಮೂಲ ಬರಹ ಅವರ ಬಳಿ ಹಾಗೇ ಇತ್ತು. ಅದನ್ನೇ ಹುಸೇನಪ್ಪನಿಗೆ ಕಳಿಸಿದರು. ಅದು ಡ್ರಾಯರಿನಲ್ಲಿದ್ದ ಫೋನಿಗೆ ಹೋಗಿ ಸೇರಿತು. ಅವನು ತೆರೆಯಲಿಲ್ಲ. ದುರಗವ್ವ ಫೋನ್ ತಂದು ಕೈಗಿಟ್ಟರೂ ಪಕ್ಕಕ್ಕೆ ಸರಿಸಿದ. ಮಾಸ್ತರರು ಮಾತಾಡಬೇಕೆಂದರೆ ನಿದ್ದೆ ಬಂದಿದೆ ಎಂದು ಹೇಳಿಸಿದ.

ಮಂದಾಕಿನಿಗೆ ವಿಷಯ ತಿಳಿಯಿತು. ಬಸ್ಸು ಹತ್ತಿ ಹುಸೇನಪ್ಪನ ಊರಿಗೆ ಹೋದಳು. ತಪ್ಪಾಯಿತು ಎಂದಳು. ತಾನೇ ಕೂತು ಪುಸ್ತಕವನ್ನೆಲ್ಲ ಓದಿ ಹೇಳುತ್ತೇನೆ, ಎಷ್ಟು ದಿನವಾದರೂ ಆಗಲಿ ಎಂದಳು. ಹುಸೇನಪ್ಪನಿಗೆ ಸಿಟ್ಟಿರಲಿಲ್ಲ. ದುರಗವ್ವನನ್ನು ಕೂಗಿ, ಬಂದವರಿಗೆ ಚಹಾ ಮಾಡಲು ಹೇಳಿದ. ಆಮೇಲೆ ಮಂದಾಕಿನಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಇನ್ನೊಬ್ರು ಓದಿ ಹೇಳೂದಾದ್ರ ನನಗ ಪುಸ್ತಕ ಯಾಕ್ ಬೇಕಿತ್ತವ್ವಾ?" ಎಂದ.

ಅವಳು ಚಹಾ ಕುಡಿಯದೆ ಎದ್ದು ಬಂದಳು.

ಸಂಘದವರು ಆಮೇಲೆ ಗುರುತುಗಳಿದ್ದ ಮೂಲ ಪ್ರತಿಯನ್ನೇ ಹೊರತಂದರು. ಹಿಂದೆ ಪುಸ್ತಕ ತರಿಸಿಕೊಂಡವರಿಗೆಲ್ಲ ತಿಳಿಸಿದರು. ಉತ್ತರ ಬರೆದವರು ಕಡಿಮೆ. ಉಳಿದವರು ಓದಿದರೋ, ಹುಸೇನಪ್ಪನಂತೆ ಯಾವುದೋ ಮೂಲೆಯಲ್ಲಿ ಕೂತರೋ, ಯಾರಿಗೂ ತಿಳಿಯಲಿಲ್ಲ. ಮಾಸ್ತರರು ಪುಸ್ತಕದ ಎರಡನೆಯ ಭಾಗ ಬರೆಯಬೇಕೆಂದಿದ್ದರು. ಬರೆಯಲಿಲ್ಲ. ಫೋನಿನಲ್ಲೇ ನಾಲ್ಕು ಮಾತು ಹೇಳಿಕೊಟ್ಟಿದ್ದರೆ ಸಾಕಾಗಿತ್ತು ಎಂದು ಬಂದವರೆದುರು ಒಮ್ಮೊಮ್ಮೆ ಹೇಳುತ್ತಿದ್ದರು. ಬಂದವರಿಗೆ ಅದೇನೆಂದು ಗೊತ್ತಾಗುತ್ತಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಹುಸೇನಪ್ಪ ತೀರಿಕೊಂಡ. ಆ ದಿನ ಬೆಳಿಗ್ಗೆಯೂ ಅವನು ಹೆಂಡತಿಯನ್ನು ಕೂಗಿಯೇ ಚಹಾ ಕುಡಿದಿದ್ದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

"ಆ ಹೆಣ್ಣುಮಗಳು ಮೊದಲೇ ಒಂದು ಮಾತು ಕೇಳಬೇಕಿತ್ತು. ನಾನಾಗಿದ್ದರೆ ಕೇಳಿಯೇ ಕೈ ಹಾಕುತ್ತಿದ್ದೆ" ಎಂದ ಶಿಷ್ಯ.

ಗುರುಗಳು ಹೇಳಿದರು: "ಅವಳೂ ಕೇಳಿದಳು, ನೀನೂ ಕೇಳಿದೆ; ಇಬ್ಬರೂ ಕೇಳಿದ್ದು ಬರೆದವನನ್ನು, ಓದುವವನನ್ನಲ್ಲ."