ಮೈ ಉಜ್ಜಿಸಿಕೊಳ್ಳದ ಸತುವಿನ ಬಿಲ್ಲೆ

ಹಳೆಯ ನಾಣ್ಯ ಮಾರುವ ಅಂಗಡಿಯೊಂದರಲ್ಲಿ ಫ್ರಾನ್ಸಿನ ಸತುವಿನ ಬಿಲ್ಲೆಯೊಂದಿತ್ತು. ಸಂಗ್ರಾಹಕನೊಬ್ಬ ಬರುತ್ತಾನೆಂದು ಅಂಗಡಿಯವನು ಹುಣಸೆಹಣ್ಣು ನೆನೆಸಿ ನಾಣ್ಯಗಳನ್ನು ಉಜ್ಜತೊಡಗಿದ.

ಆಗಷ್ಟೇ ಮಿಂದು ಬಂದ ಅದೇ ದೇಶದ ಬೆಳ್ಳಿ ನಾಣ್ಯ ನಕ್ಕಿತು. “ಏನಯ್ಯಾ ಮಸಿಮುಖದವನೇ, ನೀನೂ ಒಮ್ಮೆ ಮುಳುಗಿ ಬಾ. ಈ ಅವತಾರದಲ್ಲಿ ನಿನ್ನನ್ನು ಯಾರು ಮೂಸುತ್ತಾರೆ?”

“ನನ್ನ ಮೈಮೇಲೆ ನನ್ನೂರಿನ ಹೆಸರಿದೆ. ಉಜ್ಜಿದರೆ ಅಳಿಸಿಹೋಗುತ್ತದೆ.”

“ಬೆಳ್ಳಿಗೂ ಗತಿಯಿಲ್ಲದ ಊರೇ?”

“ಬೆಳ್ಳಿಯಿತ್ತು. ಯುದ್ಧ ಬಂದಾಗ ನೀವೆಲ್ಲ ಪೆಟ್ಟಿಗೆಗಳಲ್ಲಿ ಅಡಗಿದಿರಿ. ಚಿಲ್ಲರೆಯಿಲ್ಲದೆ ಜನ ರೊಟ್ಟಿ ಕೊಳ್ಳಲಾರದೆ ನಿಂತಾಗ ನಗರಸಭೆ ನನ್ನನ್ನು ಅಚ್ಚು ಹಾಕಿಸಿತು.”

ಅಷ್ಟರಲ್ಲಿ ಅಂಗಡಿಯವನು ಬಿಲ್ಲೆಯನ್ನು ಎತ್ತಿಕೊಂಡ. ಅದು ಬೆರಳಿಂದ ನುಣುಚಿ, ಉರುಳಿ, ಕಪಾಟಿನಡಿ ಸೇರಿತು. ಎಷ್ಟು ಕೆದಕಿದರೂ ಈಚೆ ಬರಲಿಲ್ಲ.

ಸಂಗ್ರಾಹಕ ಬಂದು ಬೆಳ್ಳಿಯನ್ನು ಭೂತಗನ್ನಡಿಯಲ್ಲಿ ನೋಡಿದ. “ಅಯ್ಯೋ, ಉಜ್ಜಿಬಿಟ್ಟಿರಾ ಸ್ವಾಮಿ? ಮುಖವೇ ಹೋಯಿತಲ್ಲ! ಉಜ್ಜದೆ ಉಳಿದದ್ದು ಏನೂ ಇಲ್ಲವೇ?”

“ಒಂದಿದೆ, ಕಪಾಟಿನ ಕೆಳಗೆ. ಹಟಮಾರಿ, ಕೈಗೇ ಸಿಗುತ್ತಿಲ್ಲ.”

ಸಂಗ್ರಾಹಕ ನೆಲಕ್ಕೆ ಮಲಗಿ ಕೈಚಾಚಿದ. ಈ ಸಲ ಬಿಲ್ಲೆ ತಾನಾಗಿ ಅವನ ಅಂಗೈಗೆ ಬಂತು. ಅವನು ಮೆಲ್ಲಗೆ ಧೂಳು ಊದಿ, ಆ ಊರಿನ ಹೆಸರನ್ನು ಗಟ್ಟಿಯಾಗಿ ಓದಿದ.