ಅಮಲ್ದಾರರ ಮೀಸೆ, ಕಾವಲಿನ ಹುಲ್ಲು

ಅಮಲ್ದಾರರು ಹುರಿಮೀಸೆ ತೀಡುತ್ತಾ ಹುಲ್ಲುಗಾವಲು ಕಾಯುವ ಚಿತ್ತಯ್ಯನಿಗೆ ಹುಕುಂ ಮಾಡಿದರು: "ನಮ್ಮ ನಲವತ್ತು ದನವೂ ದಿನಾ ಇಲ್ಲೇ ಮೇಯಲಿ. ಮುಂದಿನ ತಿಂಗಳು ಮಹಾರಾಜರು ಬರುವಾಗ ಇಲ್ಲಿ ಹುಲ್ಲು ಮೊಣಕಾಲುದ್ದ ಇರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು!"

ಮಾರನೆಯ ಬೆಳಗ್ಗೆ ಚಿತ್ತಯ್ಯ ಕ್ಷೌರದ ಹನುಮಯ್ಯನನ್ನು ಕರೆದುಕೊಂಡು ಕಚೇರಿಗೇ ಹೋದ.

"ಇವನ್ಯಾಕೋ?" ಎಂದರು ಅಮಲ್ದಾರರು.

"ತಮ್ಮ ಮೀಸೆಗೆ, ಬುದ್ಧಿ. ದಿನಾ ಬೋಳಿಸ್ತಾನೆ. ಮಹಾರಾಜರು ಬರೋ ಹೊತ್ತಿಗೆ ತಾವು ಅದರ ಮೇಲೆ ನಿಂಬೆಹಣ್ಣು ನಿಲ್ಲಿಸಿದರೆ, ನಾನೂ ಹುಲ್ಲು ಬೆಳೆಸಿ ತೋರಿಸ್ತೀನಿ."

ಹನುಮಯ್ಯ ಕತ್ತಿ ಮಸೆದ. ಅಮಲ್ದಾರರು ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡು ಮೇಜಿನ ಹಿಂದಕ್ಕೆ ಹಾರಿದರು!

"ಮತ್ತೆ... ದನ ಎಲ್ಲಿ ಮೇಯಬೇಕೋ?"

"ಹಳ್ಳದಾಚೆ ಹುಲ್ಲು ಬಲಿತದೆ, ಬುದ್ಧಿ. ಈ ತಿಂಗಳು ಅಲ್ಲಿ ಮೇಯಲಿ. ಈಚೆಯದು ಸುಧಾರಿಸಿಕೊಳ್ಳಲಿ."

ಹೊಸ ಹುಕುಂ ಅಲ್ಲೇ ತಯಾರಾಯಿತು. ರುಜು ಹಾಕಲು ಅಮಲ್ದಾರರು ಒಂದು ಕೈ ತೆಗೆಯಲೇಬೇಕಾಯಿತು. ಇನ್ನೊಂದು ಕೈ ಮಾತ್ರ ಮೀಸೆ ಬಿಡಲಿಲ್ಲ.