ಹನ್ನೆರಡನೆಯ ಹರಳು

"ಗುರುಗಳೇ, ಇನ್ನೊಬ್ಬರ ಕೊರತೆ ನಮ್ಮ ಕಣ್ಣಿಗೆ ಬಿದ್ದ ಮೇಲೂ ಅದನ್ನು ತುಂಬಿಕೊಡದೆ ಸುಮ್ಮನಿರುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ವಯಸ್ಸಾದ ಮೇಲೆ ಅಂಗಡಿ ಮುಚ್ಚಿ ಹಳೆಯ ಬ್ರೋಚುಗಳನ್ನು ಕೂಡಿಡತೊಡಗಿದ. ಬ್ರೋಚು ಎಂದರೆ ಹಿಂದಿನ ಕಾಲದ ಹೆಂಗಸರು ಸೆರಗು ಜಾರದಂತೆ ಹೆಗಲ ಮೇಲೆ ಚುಚ್ಚಿಕೊಳ್ಳುತ್ತಿದ್ದ ಪಿನ್ನು. ಚಿನ್ನವಲ್ಲ, ಬೆಳ್ಳಿಯೂ ಅಲ್ಲ. ಹಿತ್ತಾಳೆಗೆ ಗಿಲೀಟು ಹಾಕಿ ಗಾಜಿನ ಹರಳು ಕೂರಿಸಿದ್ದು, ಅಷ್ಟೆ.

"ಗಂಡಸಿಗೆ ಯಾಕಯ್ಯಾ ಹೆಂಗಸರ ಪಿನ್ನು? ಅದೂ ನಕಲಿಯದು!" ಎಂದು ಪಕ್ಕದ ಮನೆಯವನು ಹಂಗಿಸಿದರೆ ಇವನಿಗೆ ಖುಷಿಯೋ ಖುಷಿ, ಮಾತಾಡಲು ನೆಪ ಸಿಕ್ಕಿತಲ್ಲ ಎಂದು.

"ಚಿನ್ನವಾಗಿದ್ದರೆ ಮಗಳ ಮದುವೆಗೋ ಸೊಸೆಯ ಬಳೆಗೋ ಎಂದೋ ಕರಗಿಸಿಬಿಡುತ್ತಿದ್ದರು ಸ್ವಾಮಿ. ಇದನ್ನು ಕರಗಿಸಿದರೆ ಏನು ಸಿಗುತ್ತದೆ? ಅದಕ್ಕೇ ಹುಟ್ಟಿದ ಹಾಗೇ ಉಳಿದಿದೆ!"

ಒಂದು ಸಲ ಗುಜರಿ ಅಂಗಡಿಯಲ್ಲಿ ಅವನಿಗೆ ಒಂದು ಹಂಸದ ಬ್ರೋಚು ಸಿಕ್ಕಿತು. ಮೈತುಂಬ ಹಸಿರು ಹರಳು. ಎಣಿಸಿದ. ಹನ್ನೊಂದು. ಕತ್ತಿನ ಬಳಿ ಹನ್ನೆರಡನೆಯದು ಕೂರಬೇಕಾದ ಗುಳಿ ಬರಿದಾಗಿತ್ತು. ಅದನ್ನು ಹಾಗೇ ಬಿಡಲು ಅವನಿಂದಾಗಲಿಲ್ಲ. ಅದೇ ಬಣ್ಣ, ಅದೇ ಅಳತೆಯ ಹರಳು ಎಲ್ಲಿ ಹುಡುಕಿದರೂ ಸಿಗದೆ, ಕೊನೆಗೆ ತನ್ನಲ್ಲಿದ್ದ ಅತಿ ಚಂದದ ಬ್ರೋಚಿನಿಂದಲೇ ಒಂದನ್ನು ಕಿತ್ತು ಹಂಸಕ್ಕೆ ಕೂರಿಸಿದ. ಹೊಸದು ಯಾವುದು ಹಳೆಯದು ಯಾವುದು ಎಂದು ಅವನಿಗೇ ಗೊತ್ತಾಗದಂತೆ ಕೂತುಕೊಂಡಿತು. ಆ ದಿನ ಅವನು ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಿದ.

ಮೂರು ತಿಂಗಳಾದ ಮೇಲೆ ಒಬ್ಬ ಹೆಂಗಸು ಅವನ ಮನೆ ಹುಡುಕಿಕೊಂಡು ಬಂದಳು.

"ಗುಜರಿಯವರು ನಿಮ್ಮ ಹೆಸರು ಹೇಳಿದರು ಸಾರ್. ನಮ್ಮಮ್ಮ ಟೀಚರಾಗಿದ್ದವರು. ಮೂವತ್ತು ವರ್ಷ ಒಂದೇ ಹಂಸದ ಪಿನ್ನು ಚುಚ್ಚಿಕೊಂಡು ಪಾಠ ಮಾಡಿದರು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಇನ್ನೇನು ಉಪಯೋಗ ಎಂದು ಅದನ್ನಿಟ್ಟಿದ್ದ ಡಬ್ಬಿಯನ್ನು ನಾನೇ ಗುಜರಿಗೆ ಹಾಕಿಬಿಟ್ಟೆ. ಅವತ್ತಿನಿಂದ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ."

ಅವನ ಮನಸ್ಸು ಒಮ್ಮೆ ಹಿಂಜರಿಯಿತು. ಆದರೂ ಹಂಸವನ್ನು ತೆಗೆದು ಕೊಟ್ಟ. ಕೊಟ್ಟ ಮೇಲೆ, ಮುದುಕಿಯ ಸಂತೋಷವನ್ನಾದರೂ ನೋಡೋಣವೆಂದು ತಾನೂ ಅವಳ ಜೊತೆ ಹೊರಟ.

ಮುದುಕಿ ಬ್ರೋಚನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿದಳು. ಬೆರಳು ಹಂಸದ ಕತ್ತಿಗೆ ಹೋಯಿತು. ಅಲ್ಲಿಯೇ ಎರಡು ಸಲ ತಡಕಾಡಿತು. ಅವಳ ಮುಖ ಬಿಗಿಯಿತು.

"ಕುರುಡಿ ಅಂತ ಏಮಾರಿಸ್ತೀಯೇನೇ? ಇದು ನನ್ನದಲ್ಲ. ಹೆಗಲ ಮೇಲೆ ಮಲಗಿಸಿಕೊಂಡಿದ್ದಾಗ ನೀನೇ ಕಣೇ ನನ್ನ ಹಂಸದ ಕತ್ತಿನ ಹರಳನ್ನು ಕಚ್ಚಿ ಕಿತ್ತದ್ದು. ಆಗ ನಿನಗೆ ಎರಡೇ ಹಲ್ಲು. ನುಂಗಿಬಿಟ್ಟೆಯೇನೋ ಅಂತ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಪಾಠದ ಮಧ್ಯೆ ನಿನ್ನ ನೆನಪಾದಾಗಲೆಲ್ಲ ನನ್ನ ಬೆರಳು ಆ ಗುಳಿಗೇ ಹೋಗುತ್ತಿತ್ತು."

ಮಗಳಿಗೆ ಇದೊಂದೂ ಗೊತ್ತಿರಲಿಲ್ಲ. ಗಡಿಯಾರ ರಿಪೇರಿಯವನು ಮುಂದೆ ಬಂದ.

"ಅಮ್ಮಾ, ಇದು ನಿಮ್ಮದೇ. ಆ ಗುಳಿ ತುಂಬಿದವನು ನಾನು" ಎಂದ.

"ನಿನಗೆ ಯಾರಪ್ಪಾ ಹೇಳಿದ್ದು ತುಂಬು ಅಂತ?"

ಇಷ್ಟು ದಿನ ಬ್ರೋಚಿನ ಬಗ್ಗೆ ಯಾರು ಏನು ಕೇಳಿದರೂ ಅರ್ಧ ಗಂಟೆ ಮಾತಾಡುತ್ತಿದ್ದವನು ಈಗ ಒಂದು ಸೇಫ್ಟಿ ಪಿನ್ನು ಕೇಳಿ ತೆಗೆದುಕೊಂಡ. ಹರಳಿನ ಸುತ್ತ ತಾನೇ ಅಷ್ಟು ನಾಜೂಕಾಗಿ ಒತ್ತಿದ್ದ ಹಿತ್ತಾಳೆಯ ಪುಟ್ಟ ಹಿಡಿಗಳನ್ನು ಒಂದೊಂದಾಗಿ ಬಿಡಿಸಿ, ಹರಳನ್ನು ಎಬ್ಬಿಸಿ, ಹಂಸವನ್ನು ಮತ್ತೆ ಅವಳ ಅಂಗೈಯಲ್ಲಿಟ್ಟ.

ಬೆರಳು ಹೋಗಿ ಗುಳಿಯಲ್ಲಿ ನಿಂತಿತು.

"ಹೂಂ" ಎಂದಳು ಮುದುಕಿ. ಆಮೇಲೆ ಮಗಳ ಕಡೆ ತಿರುಗಿ, "ಬಾರೇ ಕಳ್ಳಿ, ಚುಚ್ಚು ಬಾ. ಈ ಸಲ ಕಚ್ಚಬೇಡ" ಎಂದಳು.

ಕತೆ ಮುಗಿಯಿತು. ಶಿಷ್ಯ, "ಆದರೂ ಗುರುಗಳೇ, ಕೊನೆಗೆ ಆ ಗುಳಿ ಖಾಲಿಯಾಗಿಯೇ ಉಳಿಯಿತಲ್ಲ?" ಎಂದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

"ಅದು ಖಾಲಿ ಎಂದು ಅವಳು ಯಾವಾಗ ಹೇಳಿದಳು?"